ಒಂದು ಮುಚ್ಚಳ

ಬಕೆಟಿನ ನೀರಿಗೆ ಒಂದು ಮುಚ್ಚಳ ಬಿದ್ದರೆ ಸಾಕು,
ಹಾಲಾಗುತ್ತದೆ.
ಬಿಜೈ, ಕುಂಟಿಕಾನ, ಕೊಟ್ಟಾರ, ಅಶೋಕನಗರ,
ಮೆಟ್ಟಿಲು ಮೆಟ್ಟಿಲು ಹತ್ತಿ
ಆರು ವರ್ಷ ನಾನು ತೋರಿಸಿದ್ದು ಇದನ್ನೇ:
ನೋಡಿ ಬಾಯಮ್ಮ, ಹೇಗೆ ಬೆಳ್ಳಗೆ ಹರಡ್ತದೆ!

ಸ್ಕೂಟರಿನ ಎರಡೂ ಬದಿ ಚೀಲ,
ಹಳೆ ನೀರಿನ ಬಾಟಲಿಗಳಲ್ಲಿ ಫಿನಾಯಿಲು.
ಚೀಟಿ ಇಲ್ಲ. ಹೆಸರೆಂದರೆ ವಾಸನೆ:
ಲಿಂಬೆ, ಲ್ಯಾವೆಂಡರು, ಶಂಕರಪುರ ಮಲ್ಲಿಗೆ.
ವಾಸನೆ ಬಾರದಿದ್ದರೆ ಒರೆಸಿದ ಹಾಗೇ ಆಗುದಿಲ್ಲ ಮಾರಾಯ
ಎಂದರು ಸೆವೆರಿನ್ ಬಾಯಿ.
ಹಾಗಾಗಿ ಹಿಂದಿನ ಕೋಣೆಯ ಡ್ರಮ್ಮಿಗೆ,
ಕೋಲಲ್ಲಿ ತಿರುವುತ್ತ,
ಕಂಪೆನಿಯವ ಹೇಳಿದ್ದಕ್ಕಿಂತ ಒಂದು ಸೌಟು ಜಾಸ್ತಿ.
ಮನೆಗಂತೂ ನಮ್ಮದೇ ಮಾಲು, ಪುಕ್ಕಟೆ,
ಕೈಗೆ ಬಂದಷ್ಟು.

ಹರಿಣಾಕ್ಷಿ ದಿನಕ್ಕೆರಡು ಸಲ ಒರೆಸಿದಳು.
ಮಗು ಅಂಬೆಗಾಲಿಡಲು ಕಲಿತಿತ್ತು ನೋಡಿ,
ನೆಲ ಕ್ಲೀನಿರಬೇಕಲ್ಲ.

ಮೊದಲು ಮಂಡಿ ಕೆಂಪಾಯಿತು.
ಆಮೇಲೆ ಅಂಗೈ,
ಬೆಂದ ಗೆಣಸಿನ ಸಿಪ್ಪೆಯ ಹಾಗೆ ಎದ್ದು ಬಂತು.
ರಾತ್ರಿಯಿಡೀ ಒಂದು ಕಾಲಿಗೆ ಇನ್ನೊಂದು ಕಾಲು ಉಜ್ಜಿ ಉಜ್ಜಿ
ನಮ್ಮ ಪ್ರಣಮ್ಯ, ಒಂಬತ್ತು ತಿಂಗಳು,
ಬೈಯಲಿಕ್ಕೆ ಇನ್ನೂ ಒಂದು ಶಬ್ದ ಗೊತ್ತಿಲ್ಲ.

ಎಂತಾದ್ದು, ಎಂತಾದ್ದು ಎಂದು ಎಲ್ಲರೂ ಬಂದರು.
ಹಲ್ಲು ಬರುವ ಉಷ್ಣ.
ತಾಯಿ ಬಂಗುಡೆ ತಿಂದಿರಬೇಕು.
ಮೇಲಿನ ಮನೆಯ ಮೈಮೂನ
ಎಣ್ಣೆಗೆ ಅರಸಿನ ಕುದಿಸಿ ತಂದು ಕೊಟ್ಟಳು.
ಅಮ್ಮ ಮಾತ್ರ ಸುಮ್ಮನಿದ್ದು, ಮೂರನೇ ದಿನ ಕೇಳಿದಳು:
ನಾಗನಿಗೆ ತಂಬಿಲ ನಿಂತು ಎರಡು ವರ್ಷ,
ನೆನಪುಂಟಾ ನಿನಗೆ?

ಹೋದೆ, ಮೂಡುಬಿದಿರೆಯಿಂದಲೂ ಆಚೆ.
ಕಲ್ಲಿನ ಮೇಲೆ ಎಳನೀರು, ಅರಸಿನ, ಹಾಲು.
ಹಾಲು ಕಲ್ಲಿಂದ ಇಳಿದು ಕೆಳಗಿನ ನೀರಿಗೆ ಹರಡುವಾಗ
ಎಲ್ಲೋ ಕಂಡ ಹಾಗಾಯಿತು ನನಗೆ.
ಅಷ್ಟೇ. ತಲೆ ಮುಂದೆ ಓಡಲಿಲ್ಲ.

ವೆನ್ಲಾಕಿನಲ್ಲಿ ಆ ಡಾಕ್ಟ್ರಮ್ಮ, ನಿದ್ದೆಗೆಟ್ಟ ಕಣ್ಣು,
ಮಗುವನ್ನು ಮೇಜಿನ ಮೇಲೆ ಮಗುಚಿ ನೋಡಿದರು.
ಹೊಟ್ಟೆ, ಬೆನ್ನು, ತೊಡೆಸಂದಿ,
ಅಲ್ಲೆಲ್ಲ ಏನೂ ಇಲ್ಲ.
ಮಂಡಿ. ಅಂಗೈ. ಪಾದದ ಮೇಲ್ಬದಿ.
"ನೆಲಕ್ಕೆ ತಾಗುವಲ್ಲಿ ಮಾತ್ರ," ಎಂದರು ತಮ್ಮಷ್ಟಕ್ಕೆ.
ಮತ್ತೆ ನನ್ನ ಕಡೆ ತಿರುಗಿ:
"ನೆಲಕ್ಕೆ ಎಂತ ಹಾಕ್ತೀರಿ?"

ನನ್ನ ಅಂಗಿಯಿಂದ ಲಿಂಬೆ ಬರುತ್ತಿತ್ತು.

ಫಿನಾಯಿಲು, ಎಂದೆ.
ಮಾಡುವವ ನಾನೇ ಎನ್ನಲಿಲ್ಲ.
ಎಷ್ಟು?
"ಕೈಗೆ ಬಂದಷ್ಟು," ಎಂದಳು ಹರಿಣಾಕ್ಷಿ,
ನನ್ನ ಮುಖ ನೋಡದೆ.

ಈಗ ಬರೀ ನೀರು.
ಮನೆಗೆ ಮನೆಯ ವಾಸನೆ ತಿರುಗಿ ಬಂದಿದೆ,
ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಮೀನು, ಮಗುವಿನ ಉಚ್ಚೆ.
ಮಲಗಿದ ಮೇಲೆ ಮುಲಾಮು ಹಚ್ಚುವುದು ನನ್ನ ಕೆಲಸ.
ಹಚ್ಚುವ ಬೆರಳು ಒರಟು, ಅವಳು ನಿದ್ದೆಯಲ್ಲೇ ಬೆಚ್ಚುತ್ತಾಳೆ.
ರೇಷನ್ ಅಂಗಡಿಯ ಮಿಷನ್ನಿಗೆ
ನನ್ನ ಹೆಬ್ಬೆಟ್ಟು ಗುರುತು ಸಿಗದೆ ಮೂರು ವರ್ಷ.
ಗೆರೆಯೆಲ್ಲ ಎಲ್ಲಿಗೆ ಹೋಯಿತೆಂದು
ಒಮ್ಮೆಯೂ ಕೇಳಿಕೊಂಡವನಲ್ಲ.

ಮಂಗಳವಾರ ಬಿಜೈ.
ಸೆವೆರಿನ್ ಬಾಯಿಯ ಮೊಮ್ಮಗ
ಒದ್ದೆ ನೆಲದಲ್ಲಿ ಹರೆದುಕೊಂಡು ಬಂದು
ನನ್ನ ಚಪ್ಪಲಿ ಹಿಡಿದ.
ಒಂದೇ ಮುಚ್ಚಳ ಹಾಕಿ ಬಾಯಮ್ಮ, ಎಂದೆ,
ಮತ್ತೊಮ್ಮೆ ಬರೀ ನೀರಲ್ಲಿ ಒರೆಸಿ,
ಒಣಗುವ ತನಕ ಇವನನ್ನು ಎತ್ತಿಕೊಳ್ಳಿ.
ಅವರು ಬಾಟಲಿ ಮೂಗಿಗೆ ಹಿಡಿದರು.
ಹಿಂದಿನಷ್ಟು ಸ್ಟ್ರಾಂಗ್ ಇಲ್ಲವಲ್ಲ,
ನೀರು ಬೆರೆಸಿದ್ದೀಯಾ ಹೇಗೆ?

ಹೌದು ಎಂದೆ.
ಇಪ್ಪತ್ತು ರೂಪಾಯಿ ಕಡಿಮೆ ಕೊಟ್ಟರು.